ಹಿಂದಿನ ಬೆಂಚಿನ ಮೂವರು

"ಕೆಮ್ಮು," ಎಂದಳು ಕಂಟ್ರೋಲರಮ್ಮ, ತುಟಿ ಅಲುಗಿಸದೆ.

ಪಕ್ಕದಲ್ಲಿ ಕೂತಿದ್ದ ಮೈದುನ ಕೆಮ್ಮಿದ.

"ಇದೇನೋ ಇದು? ಇಲಿ ಸೀನಿದ ಹಾಗಿದೆ. ಹೊಟ್ಟೆಯಿಂದ ಬರ್ಲಿ."

"ಅತ್ತಿಗೆ, ಪಾಸ್ಟರ್ ಪ್ರಸಂಗ ಮಾಡ್ತಿದ್ದಾರೆ..."

"ಅದಕ್ಕೇ ಕೆಮ್ಮು ಅಂದದ್ದು."

ಮೈದುನ ಈ ಸಲ ಬೆಂಚು ನಡುಗುವ ಹಾಗೆ ಕೆಮ್ಮಿದ. ಆಕೆ ಕರವಸ್ತ್ರವನ್ನು ಒಮ್ಮೆ ಕೊಡವಿದಳು. ಎಡಗಡೆಯ ಸಾಲುಗಳೆಲ್ಲ ಕೆಮ್ಮಿದವು. ಇನ್ನೊಮ್ಮೆ ಕೊಡವಿದಳು. ಬಲಗಡೆಯವರು ಆಕಳಿಸಿದರು. ವೇದಿಕೆಯ ಮೇಲೆ ಪಾಸ್ಟರ್ ಒಂದು ಗುಟುಕು ನೀರು ಕುಡಿದು, ಏನೂ ಆಗದವರ ಹಾಗೆ ಮುಂದುವರಿಸಿದರು.

ಕಂಟ್ರೋಲರಮ್ಮ ಹಿಂತಿರುಗಿ ನೋಡಿದಳು. ಕೊನೆಯ ಬೆಂಚಿನಲ್ಲಿ ಮೂವರು ಹೊಸಬರು. ಬೋಳುತಲೆಯ ಹಿರಿಯರೊಬ್ಬರು, ದಪ್ಪ ಕನ್ನಡಕದ ಹೆಂಗಸು, ಟೈ ಕಟ್ಟಿದ ಒಬ್ಬಾತ. ಸೇತುವೆಯಾಚೆಯ ದೊಡ್ಡ ಚರ್ಚಿನವರು.

"ಭಾನುವಾರ ಮೂವರು ಬರ್ತಾರೆ ಅಕ್ಕ, ಹಿಂದಿನ ಬೆಂಚು ಖಾಲಿ ಇಡಿಸಿ," ಎಂದು ಪಾಸ್ಟರ್ ಮೊದಲೇ ಹೇಳಿದ್ದರು. ಹೇಳಿ ಸುಮ್ಮನೆ ಹೋಗದೆ, "ನೀವಿಲ್ಲದಿದ್ದರೆ ಈ ಸಭೆ ಹೇಗಿರ್ತಿತ್ತೋ!" ಎಂದು ಉಸಿರು ಬಿಟ್ಟಿದ್ದರು. ಕೈಕೊಟ್ಟು ಹೋಗುವವರು ಮಾತ್ರ ಹಾಗೆ ಹೊಗಳುತ್ತಾರೆಂದು ಆಕೆಗೆ ಗೊತ್ತು. ಹಿಂದಿನ ಬೆಂಚಿಗೆ ಹೊಸಬರು ಯಾಕೆ ಬರುತ್ತಾರೆಂದೂ ಗೊತ್ತು. ಬರುತ್ತಾರೆ, ಪ್ರಸಂಗ ಕೇಳುತ್ತಾರೆ, ತಲೆದೂಗುತ್ತಾರೆ, ಪಾಸ್ಟರನ್ನು ಎತ್ತಿಕೊಂಡು ಹೋಗುತ್ತಾರೆ. ಇವರಿಗಿಂತ ಮುಂಚಿನ ಇಬ್ಬರು ಪಾಸ್ಟರುಗಳೂ ಹೀಗೇ ಕೈತಪ್ಪಿದ್ದರು.

ಇವರನ್ನು ಮಾತ್ರ ಆಕೆ ಬಿಡುವವಳಲ್ಲ. ಮನೆಯಲ್ಲಿ ಅತ್ತೆಗೆ ನೆನಪು ಅಳಿಸಿಹೋಗಿದೆ. ಮಗನ ಗುರುತಿಲ್ಲ, ಸೊಸೆಯ ಗುರುತಿಲ್ಲ. ಹಗಲೆಲ್ಲ ಅಳುವ ಮುದುಕಿ ಸುಮ್ಮನಾಗುವುದು ಪಾಸ್ಟರ್ ಬಂದು ಮಂಚದ ಪಕ್ಕ ಕೂತು ಹಾಡಿದಾಗ ಮಾತ್ರ. ಅವರದು ಶ್ರುತಿ ತಪ್ಪಿದ ಗಂಟಲು. ಆದರೆ ಬರುವುದು ತಪ್ಪಿಲ್ಲ. ಇಂಥವರು ಹೊರಟುಹೋದರೆ ಆ ಅಳುವನ್ನು ನಿಲ್ಲಿಸುವವರು ಯಾರು?

ವಾರದ ದಿನಗಳಲ್ಲಿ ಆಕೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಆಕೆ ವಿಸಿಲ್ ಊದಿದರೆ ಹೊರಟ ಬಸ್ಸೂ ಹಿಂದಕ್ಕೆ ಬರುತ್ತದೆ. ಮನುಷ್ಯರು ಯಾವ ಲೆಕ್ಕ? ಚರ್ಚಿನಲ್ಲೂ ಅಷ್ಟೇ. ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಜನರನ್ನು ಸಾಲು ಸಾಲಾಗಿ ಬಿಡುವವಳು ಆಕೆ. "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕೆ, ಸಾಕು." ಪ್ರಸಂಗ ಉದ್ದವಾದರೆ ಕೈಗಡಿಯಾರ ಎತ್ತಿ ತೋರಿಸುವವಳೂ ಆಕೆಯೇ. ಪಾಸ್ಟರ್ ಯಾವ ಅಂಗಿ ತೊಡಬೇಕು, ಯಾವ ಗೀತೆ ಆರಿಸಬೇಕು, ಯಾರ ಮನೆಗೆ ಮೊದಲು ಹೋಗಬೇಕು, ಎಲ್ಲ ಆಕೆಯದೇ ತೀರ್ಮಾನ. "ಪಾಪ, ನಾಯಕತ್ವ ಅವರ ಕೈಲಾಗಲ್ಲ. ಅವರು ದೇವರ ಕೆಲಸ ಮಾಡ್ಕೊಂಡಿರ್ಲಿ," ಎನ್ನುತ್ತಿದ್ದಳು.

ಹಾಗಾಗಿ ಶನಿವಾರ ಮನೆಮನೆಗೂ ಫೋನ್ ಹೋಗಿತ್ತು. ನಾಳೆ ಪಾಸ್ಟರ್ ಯಾರಿಗೂ ಬೇಡದವರ ಹಾಗೆ ಕಾಣಬೇಕು. ಅಷ್ಟೇ.

ಈಗ ಪಾಸ್ಟರ್, ಬೈಬಲಿನ ಅಬ್ರಹಾಮ ದೇವರ ಕರೆ ಕೇಳಿ ಮನೆಮಠ ಬಿಟ್ಟು ಹೊರಟ ಕಥೆಗೆ ಬಂದಿದ್ದರು. "ಕರೆ ಬಂದಾಗ ಹೋಗಬೇಕು. ನಾನಿಲ್ಲದಿದ್ದರೆ ಇಲ್ಲಿನವರ ಗತಿಯೇನು ಅಂತ ಕೂರಬಾರದು," ಎಂದರು, ಕಂಟ್ರೋಲರಮ್ಮನ ಕಡೆಗೇ ನೋಡುತ್ತ.

"ಕೇಳಿದ್ಯಾ? ನನ್ನ ಹತ್ರಾನೇ ಅಪ್ಪಣೆ ಕೇಳ್ತಿದ್ದಾರೆ." ಆಕೆಯ ಕಣ್ಣು ತೇವವಾಯಿತು. "ಕೊಡಲ್ಲ."

ಎರಡು ಬೆರಳು ಎತ್ತಿದಳು. ನಡುವಿನ ಬೆಂಚಿಗೆ ಬೆಂಚೇ ಎದ್ದು ಹೊರಗೆ ನಡೆಯಿತು. ಬೋಳುತಲೆಯವರು ಎದ್ದವರೆಲ್ಲ ಬಾಗಿಲು ದಾಟುವವರೆಗೂ ನೋಡಿ, ಕನ್ನಡಕದವಳನ್ನು ಮೊಣಕೈಯಿಂದ ತಿವಿದರು. ಕನ್ನಡಕದವಳೂ ಬಾಯಿ ತೆರೆದುಕೊಂಡು ಕೂತಿದ್ದಳು.

"ಪ್ರಸಂಗ ಕೇಳ್ತಾನೇ ಇಲ್ಲ ಅವರು," ಮೈದುನ ಪಿಸುಗುಟ್ಟಿದ. "ಕೆಲಸ ಆಯ್ತು ಬಿಡಿ. ಆದ್ರೆ ಅತ್ತಿಗೆ, ಪಾಸ್ಟರ್ ಯಾಕೆ ನಗ್ತಿದ್ದಾರೆ?"

"ನೋವು ನುಂಗಿಕೊಂಡಿದ್ದಾರೆ ಕಣೋ. ದೊಡ್ಡ ಮನಸ್ಸು."

ಕೊನೆಯ ಗೀತೆಗೆ ಗಾಯನ ಮಂಡಳಿಯ ಅರ್ಧ ಜನ ಒಂದು ಹಾಡು ಹಾಡಿದರು, ಉಳಿದರ್ಧ ಇನ್ನೊಂದು. ಆಕೆ ಕೈ ಇಳಿಸಿದ ಕೂಡಲೇ ಎರಡೂ ಒಟ್ಟಿಗೆ ನಿಂತವು.

ಆರಾಧನೆ ಮುಗಿಯಿತು. ಪಾಸ್ಟರ್ ಮೂವರನ್ನೂ ನೇರ ಆಕೆಯ ಮುಂದೆ ತಂದು ನಿಲ್ಲಿಸಿದರು. ಅವರ ಹಣೆಯಲ್ಲಿ ಬೆವರು. ಕೆಮ್ಮಿ ಸುಸ್ತಾದ ಸಭೆ ಸುತ್ತ ನೆರೆಯಿತು.

"ಅಮ್ಮಾ, ನಾವು ತೀರ್ಮಾನ ಮಾಡಿದ್ವಿ," ಎಂದರು ಬೋಳುತಲೆಯವರು.

"ಗೊತ್ತು ಬಿಡಿ," ಎಂದಳು ಕಂಟ್ರೋಲರಮ್ಮ ಗೆಲುವಿನಿಂದ. "ಬೇಜಾರು ಮಾಡ್ಕೋಬೇಡಿ. ಇವರ ಪ್ರಸಂಗ ಅಷ್ಟಕ್ಕಷ್ಟೇ. ನಾವಾದ್ರೆ ಹೇಗೋ ಸಹಿಸ್ಕೋತೀವಿ. ನಿಮಗೆ ಇನ್ನೂ ಒಳ್ಳೆ ಪಾಸ್ಟರ್ ಸಿಗ್ಲಿ."

"ಪಾಸ್ಟರಾ? ನಮ್ಮಲ್ಲಿ ಇಬ್ಬರಿದ್ದಾರಮ್ಮ! ಇಲ್ಲದಿರೋದು ಜನರನ್ನ ಹಿಡಿತದಲ್ಲಿ ಇಡೋರು. ಯಾರೂ ಯಾರ ಮಾತೂ ಕೇಳಲ್ಲ. ನಿಮ್ಮ ಪಾಸ್ಟರ್ ಮತ್ತೆ ಮತ್ತೆ ಫೋನ್ ಮಾಡಿ, 'ನಮ್ಮ ಅಕ್ಕನ್ನ ಕರ್ಕೊಂಡು ಹೋಗಿ, ಮೊದಲು ಬಂದು ಕಣ್ಣಾರೆ ನೋಡಿ' ಅಂದ್ರು. ನೋಡಿದ್ವಿ." ಅವರ ದನಿ ಭಕ್ತಿಯಿಂದ ತಗ್ಗಿತು. "ಕರವಸ್ತ್ರ ಕೊಡವಿದರೆ ಇಡೀ ಸಭೆ ಕೆಮ್ಮುತ್ತೆ! ಬನ್ನಿ ಅಮ್ಮ. ಮ್ಯಾನೇಜರ್ ಕೆಲಸ, ಸಂಬಳ, ಚರ್ಚ್ ಪಕ್ಕದಲ್ಲೇ ಮನೆ."

ಕಂಟ್ರೋಲರಮ್ಮ ಪಾಸ್ಟರ್ ಕಡೆ ತಿರುಗಿದಳು. ಪಾಸ್ಟರ್ ಸೂರು ನೋಡುತ್ತಿದ್ದರು.

"ಅತ್ತೆಯವರ ಚಿಂತೆ ಬೇಡ ಅಕ್ಕ," ಎಂದರು, ಸೂರಿಗೇ ಹೇಳುವ ಹಾಗೆ. "ಹಾಡೋಕೆ ನಾನು ಅಲ್ಲಿಗೇ ಬರ್ತೀನಿ. ಎಷ್ಟು ಬಸ್ ಬದಲಾಯಿಸಬೇಕಾದ್ರೂ ಸರಿ."

ಅಪ್ಪಣೆಯಿಲ್ಲದೆ ಹೊರಟ ಬಸ್ಸನ್ನು ನೋಡುವ ಹಾಗೆ ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಆಗಲ್ಲ," ಎಂದಳು. "ಇವರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."