ಬಿಗಿಯಾದ ಫಿಲ್ಟರ್

ಭಾನುವಾರ ಬೆಳಿಗ್ಗೆ ಗಂಡ ಅಂಗಳದಲ್ಲಿ ಕಾರಿನ ಎಂಜಿನ್ ಆಯಿಲ್ ಬದಲಿಸುತ್ತಿದ್ದ. ಹಳೆಯ ಆಯಿಲ್ ಕಪ್ಪಗೆ ಬೇಸಿನ್ನಿಗೆ ಇಳಿದಾಗಿತ್ತು. ಫಿಲ್ಟರ್ ಮಾತ್ರ ಬಿಚ್ಚಿಕೊಳ್ಳದೆ ಅವನ ಜಿಡ್ಡುಗೈಯಲ್ಲಿ ಜಾರುತ್ತಲೇ ಇತ್ತು. ಅವಳು ಹಳೆ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ವನಜಕ್ಕ ಇಣುಕಿದರು.

"ಎಲ್ಲಾ ಕೆಲಸ ಅವರೇ ಮಾಡ್ತಾರಲ್ಲೇ! ನಮ್ಮನೆಯವ್ರಿಗೆ ಒಂದು ಬಲ್ಬ್ ಹಾಕೋಕೂ ಬರಲ್ಲ. ಪುಣ್ಯ ಮಾಡಿದ್ದೀಯ ಬಿಡು."

ಅವಳು ನಕ್ಕಳು.

"ಅಂದ ಹಾಗೆ, ನಿಮ್ಮತ್ತೆಗೆ ಕಿವಿ ಮಂದಾನಾ? ಒಂದೊಂದು ದಿನ ನಿಮ್ಮ ಟೀವಿ ಸದ್ದಿಗೆ ನಮ್ಮ ಅಡುಗೆಮನೆ ಪಾತ್ರೆ ಅಲ್ಲಾಡತ್ತೆ."

ಗಂಡ ಕಾರಿನ ಅಡಿಯಿಂದ ಅವಳತ್ತ ನೋಡಿದ.

"ಹೂಂ ಅಕ್ಕ, ಸ್ವಲ್ಪ ಮಂದ," ಎಂದಳು.

ಅವನು ಇನ್ನೊಮ್ಮೆ ತಿರುಗಿಸಿ ನೋಡಿ ಸೋತ. "ಇದು ಕೈಗೆ ಬರಲ್ಲ, ಬೆಲ್ಟ್ ಸುತ್ತಿ ಎಳೀಬೇಕು. ಬಾಗಿಲ ಹಿಂದೆ ನನ್ನ ಪ್ಯಾಂಟಿನ ಬೆಲ್ಟ್ ನೇತಾಕಿದೀನಲ್ಲ, ತಗೊಂಬಾ."

ಅವಳು ಕೈಲಿದ್ದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಏನೇ, ಕೇಳಿಸ್ಲಿಲ್ವಾ? ಬೆಲ್ಟ್!"

"ಬೆಲ್ಟಲ್ಲಿ ಫಿಲ್ಟರ್ ಬಿಚ್ತಾರಾ! ಏನೇನೆಲ್ಲ ಗೊತ್ತಪ್ಪ ಇವರಿಗೆ," ಎಂದು ವನಜಕ್ಕ ಬೆರಗಾದರು.

ಅವಳು ಬಟ್ಟೆಯನ್ನು ಬಾನೆಟ್ ಮೇಲಿಟ್ಟು ಹೊಸ್ತಿಲು ದಾಟಿದಳು. ಬೆಲ್ಟ್ ಎಂಬ ಕೂಗು ಒಳಗೂ ಕೇಳಿಸಿತ್ತು. ಸೋಫಾದಲ್ಲಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದ ಅತ್ತೆ, ತಲೆ ಎತ್ತದೆ, ರಿಮೋಟ್ ಒತ್ತಿ ಟೀವಿಯ ಸದ್ದು ಜೋರು ಮಾಡುತ್ತಿದ್ದರು.