ನಗು ತಾಳದ ಗಾಜು

ಇದು ನಿಜವಾಗಿ ನಡೆದದ್ದು. ನಂಬದಿದ್ದರೆ ನಮ್ಮ ಮ್ಯಾನೇಜರ್ ಪಂಪಣ್ಣನವರನ್ನೇ ಕೇಳಿ.

ಲೆನ್ಸಿನ ಗಾಜು ಆರುವಾಗ ಹತ್ತಿರ ಯಾರಾದರೂ ನಕ್ಕರೆ ಅದರಲ್ಲಿ ಅಲೆ ಏಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಗು ತಡೆಯಬಲ್ಲ ಎರಡು ಮೂರು ದೇಶಗಳಲ್ಲಷ್ಟೇ ಕ್ಯಾಮೆರಾ ಲೆನ್ಸು ತಯಾರಾಗುತ್ತದೆ. ನಮ್ಮ ಗಂಗಾವತಿ ಕಾರ್ಖಾನೆಯ ಮೊದಲ ಲೆನ್ಸು ಕೆಟ್ಟರೆ ಬಾಗಿಲಿಗೆ ಬೀಗ. ಅದಕ್ಕೇ ಪಂಪಣ್ಣ ಮಳೆಗಾಲವಿಡೀ ಮುಖ ಗಂಟಿಕ್ಕಿಕೊಂಡು ಕಾವಲು ಕಾದರು. ಮಿಮಿಕ್ರಿ ಮಾಡುವ ನನ್ನನ್ನಂತೂ, ಅಂದರೆ ಈ ವಿರೂಪಾಕ್ಷನನ್ನು, ಗೇಟಿನಾಚೆ ಊಟಕ್ಕೆ ಕೂರಿಸಿದರು.

ತಪಾಸಣೆಯ ದಿನ ಪಂಪಣ್ಣನಿಗೆ ಒಳಗೆ ಬರುವ ಧೈರ್ಯವಾಗಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ತಪಾಸಣೆಯ ಸಾಹೇಬರ ಮೂಗುದನಿಯಲ್ಲಿ, "ಪಂಪಣ್ಣ, ಗಾಜಲ್ಲಿ ಅಲೆ ಇದೆ. ನಕ್ಕವರು ಯಾರು?" ಎಂದೆ.

ಹೊರಗಿನಿಂದ ಸಣ್ಣ ದನಿ ಬಂತು. "ನಾನೇ ರೀ, ಸಾಹೇಬ್ರ. ಆ ವಿರೂಪಾಕ್ಷ ನನ್ನಂಗ ಕೆಮ್ಮಿ ತೋರಸ್ತಾನಲ್ರೀ, ಅದು ನೆನಪಾತು. ಬಾಯಾಗ ಟವೆಲ್ ತುರುಕ್ಕೊಂಡು ನಕ್ಕೆ. ಹುಡುಗರಿಗೆ ಏನೂ ಮಾಡಬ್ಯಾಡ್ರಿ."

ನಾನು ಲೆನ್ಸು ಹಿಡಿದು ಹೊರಬಂದೆ. "ಅಲೆ ಗಿಲೆ ಏನಿಲ್ರೀ ಸರ್. ಸಾಹೇಬ್ರು ಪಾಸ್ ಮಾಡಿ ಚಾ ಕುಡಿಯಾಕ ಹೋಗ್ಯಾರ. ನಿಮ್ಮ ಟವೆಲ್ ಭಾಳ ದಪ್ಪ ಐತಿ."

ಪಂಪಣ್ಣ ನನ್ನನ್ನು ನೋಡಿದರು, ಲೆನ್ಸನ್ನು ನೋಡಿದರು. ಮಳೆಗಾಲದ ನಗುವೆಲ್ಲ ಒಮ್ಮೆಗೇ ಹೊರಬಂತು. ಪಕ್ಕದ ಕೋಣೆಯಲ್ಲಿ ಆರುತ್ತಿದ್ದ ಎರಡನೇ ಲೆನ್ಸು ಅಲೆಯಲೆಯಾಯಿತು. ಅದನ್ನು ನೋಡಿ ಅವರು ನಮ್ಮೆಲ್ಲರಿಗಿಂತ ಜೋರಾಗಿ ನಕ್ಕರು.