ಮೊದಲನೆಯ ಹನಿ

ಮುಂಗೈ ಮೇಲಿನ ಎಂಟು ಸೂಜಿಗುರುತುಗಳಿಂದ ಸುಂದ್ರವ್ವ ಕಣ್ಣು ಕೀಳಲಿಲ್ಲ. ಅವಳ ಮೈತುರಿಕೆ ಯಾವುದರಿಂದ ಎಂದು ತಿಳಿಯಲು ಡಾಕ್ಟರ್‌ಬಾಯಿ ಬೇರೆ ಬೇರೆ ಹನಿ ಹಾಕಿ ಚುಚ್ಚಿದ್ದರು; ಮೈಗೆ ಒಗ್ಗದ್ದಕ್ಕೆ ಗುಳ್ಳೆ ಏಳಬೇಕು. ಕಾಲು ತಾಸಾದರೂ ತಂಬಾಕಿನ ಹನಿ ಹಾಕಿದಲ್ಲಿ ಗುಳ್ಳೆ ಎದ್ದಿರಲಿಲ್ಲ. ನಿಪ್ಪಾಣಿಯ ತಂಬಾಕಿನ ವಖಾರಿಯ ಕೆಲಸ ಉಳಿಯಿತೆಂದು ಅವಳ ಜೀವ ಹಗುರಾಯಿತು.

ಡಾಕ್ಟರ್‌ಬಾಯಿ ಮಾತ್ರ ಮೊದಲನೆಯ ಗುರುತನ್ನೇ ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು. "ಈ ಹನಿಗೆ ಎಂಥಾವ್ರಿಗೂ ಗುಳ್ಳಿ ಏಳಬೇಕ್ರಿ. ಪರೀಕ್ಷಾ ಖರೆ ಐತೋ ಇಲ್ಲೋ ನೋಡಾಕಂತನ ಇದನ್ನ ಹಾಕೂದು. ತುರಿಕಿ ಗುಳಿಗಿ ತಗೊಂಡೀರೇನ? ಬ್ಯಾಡಂದಿದ್ನೆಲ್ಲ!"

ಸುಂದ್ರವ್ವ ಸೆರಗು ಸರಿಮಾಡಿಕೊಂಡಳು. "ಮುಂಜಾನಿ ಒಂದ ತಗೊಂಡೇನ್ರಿ. ನಿಮ್ಮಂಥಾವ್ರ ಮುಂದ ಕುಂತು ಪರಪರ ಕೆರಕೊಂಡ್ರ ಛಂದ ಕಾಣ್ತೈತೇನ್ರಿ?" ಎಂದವಳು, ಮತ್ತೆ ಕೈ ನೋಡಿಕೊಂಡಳು. "ಹಂಗಾರ ತಂಬಾಕಿನ ಹನಿ ಹೇಳಿದ್ದೂ ಸುಳ್ಳೇನ್ರಿ?"

"ಅದಿನ್ನೂ ಏನೂ ಹೇಳಿಲ್ರಿ, ಗುಳಿಗಿ ಅದರ ಬಾಯಿ ಮುಚ್ಚೈತಿ. ಮುಂದಿನ ವಾರ ಕೆರಕೋತನ ಬರ್ರಿ."